ವಿಷ್ಣುಪ್ರಸಾದ ಮಾಸ್ತರರ ಸಮ್ಮರ್ದ

ಎಲ್ಲಕ್ಕೂ ಕಾರಣ ಒಂದು ಸಂಸ್ಕೃತ ಶಬ್ದ. ಗಡಿನಾಡಿನ ಮಧೂರಿನ ವಿಷ್ಣುಪ್ರಸಾದ ಮಾಸ್ತರರು ಜೀವಮಾನವಿಡೀ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಸಂತೆಯ ಮಲಯಾಳ ಅವರಿಗೆ ಬರುತ್ತಿತ್ತು. ಆಸ್ಪತ್ರೆಯ ಮಲಯಾಳವೇ ಬೇರೆ ಎಂದು ಒಪ್ಪುವ ಜಾಯಮಾನ ಅವರದಲ್ಲ.

ಶುಗರು ಇದ್ದ ಮಾಸ್ತರರು ಹಿಂದಿನ ದಿನ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ಬೆಳಿಗ್ಗೆ ಆಸ್ಪತ್ರೆಯ ನರ್ಸು ಫೋನು ಮಾಡಿದಳು. "ಮಾಷೇ, ಓಕ್ಸೀಕರಣ ಸಮ್ಮರ್ದಂ ಕೂಡುದಲಾಣ್. ಕಿಡ್ನಿ ಸೂಕ್ಷಿಕ್ಕಣಂ." ಉಳಿದದ್ದನ್ನು ಕೇಳುವ ಮೊದಲೇ ಮಾಸ್ತರರು ಫೋನಿಟ್ಟರು.

"ಎಂತ ಅಂತೆ?" ಹೆಂಡತಿ ಈಶ್ವರಿ ಕೇಳಿದರು.

"ಸಮ್ಮರ್ದ ಅಂದ್ರೆ ಜನಜಂಗುಳಿ. ಕೂಡುವುದು ಅಂದ್ರೆ ಸೇರುವುದು. ಜನ ಸೇರಿದ್ರೆ ನನ್ನ ಕಿಡ್ನಿಗೆ ಆಗುವುದಿಲ್ಲವಂತೆ."

"ಕಿಡ್ನಿಗೂ ಜನಕ್ಕೂ ಎಂತ ಸಂಬಂಧ?"

"ನೀನು ಡಾಕ್ಟರಾ?"

ಗದರಿದರೂ ಮಾಸ್ತರರಿಗೆ ಅಣ್ಣ ನೆನಪಾದ. ಅವರ ಅಣ್ಣ ಇದೇ ಶುಗರಿನಿಂದ ಕಿಡ್ನಿ ಕಳೆದುಕೊಂಡು, ಡಯಾಲಿಸಿಸ್ ಮಾಡಿಸಿ ಮಾಡಿಸಿ ಸೋತು ತೀರಿಕೊಂಡಿದ್ದ. ತನಗೂ ಅದೇ ಗತಿಯೋ ಏನೋ! ಒಳಕೋಣೆ ಸೇರಿ ಚಿಲಕ ಹಾಕಿಕೊಂಡರು.

ಈಶ್ವರಿ ಪಕ್ಕದ ಮನೆಯ ಚೆನ್ನಪ್ಪನಿಗೆ ಸುದ್ದಿ ಮುಟ್ಟಿಸಿದರು. ಗಲ್ಫಿನಿಂದ ಮರಳಿ ಸುಮ್ಮನೆ ಕೂತಿದ್ದ ಆಸಾಮಿ. "ಜನ ಬರದ ಹಾಗೆ ನಾನು ನೋಡಿಕೊಳ್ತೇನೆ ಅಕ್ಕ. ನನ್ನನ್ನು ನೋಡಿ, ಈವರೆಗೆ ಡಾಕ್ಟರರ ಮುಖ ಕಂಡವನಲ್ಲ!" ಎಂದು ಗೇಟಿನಲ್ಲಿ ಕುರ್ಚಿ ಹಾಕಿ ಕೂತ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ದಾರಿಯಲ್ಲಿ ಹೋಗುವವರೆಲ್ಲ "ಎಂತ ಚೆನ್ನಪ್ಪಣ್ಣ?" ಎಂದು ನಿಂತರು. ಅವನು ಒಬ್ಬೊಬ್ಬರಿಗೂ ವಿಸ್ತಾರವಾಗಿ ಹೇಳಿದ. ಕೇಳಿದವರು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಳ ಮದುವೆಮನೆಯಂತಾಗಿತ್ತು. "ಇಲ್ಲಿ ಜನ ಸೇರ್ಬಾರ್ದು!" ಎಂದು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು.

"ಒಳ್ಳೆ ಮನುಷ್ಯ ಆಗಿದ್ರು, ಪಾಪ," ಎಂದಿತು ಒಂದು ಸ್ವರ.

"ನಾನಿನ್ನೂ ಇದ್ದೇನೆ ಮಾರಾಯ್ರೆ!" ಮಾಸ್ತರರು ಒಳಗಿನಿಂದ ಕೂಗಿದರು.

ಊಟದ ನಂತರ ಚೆನ್ನಪ್ಪ ಕಿಟಕಿಗೆ ಬಾಯಿಟ್ಟು, "ಮಾಷ್ಟ್ರೇ, ಆಸ್ಪತ್ರೆಯಿಂದ ಒಂದು ಹುಡುಗಿ ಬಂದಿತ್ತು. ತಲೆಬಿಸಿ ಬೇಡ, ಸುಧಾರಿಸಿ ಕಳಿಸಿದ್ದೇನೆ," ಎಂದ. ಮಾಸ್ತರರಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಸಂಜೆ ಮತ್ತೆ ಫೋನು. ಈ ಸಲ ಮಂಜೇಶ್ವರದ ಪೂಜಾಶ್ರೀ ಎಂಬ ಲ್ಯಾಬಿನ ಹುಡುಗಿ, ಅಚ್ಚ ಕನ್ನಡದಲ್ಲಿ. "ಸಾರ್, ಮೂತ್ರದಲ್ಲಿ ಶುಗರು, ಪ್ರೋಟೀನು ಎರಡೂ ವಿಪರೀತ ಉಂಟು. ಈಗಲೇ ಬನ್ನಿ."

ಹಿಂದುಮುಂದು ಕೇಳದೆ ಮಾಸ್ತರರು ಫೋನಿಟ್ಟು, ಚಿಲಕ ತೆಗೆದು ಹೊರಬಂದರು. ಚೆನ್ನಪ್ಪನೇ ಕಾರು ತೆಗೆದ. ದಾರಿಯುದ್ದಕ್ಕೂ ಅವನು ಧೈರ್ಯ ಹೇಳುತ್ತಿದ್ದರೆ ಮಾಸ್ತರರಿಗೆ ಅಣ್ಣನ ಮುಖವೇ ಕಾಣುತ್ತಿತ್ತು.

"ಸಮ್ಮರ್ದಂ ಅಂದ್ರೆ ಮಲಯಾಳದಲ್ಲಿ ಒತ್ತಡ ಸಾರ್," ಎಂದಳು ಲ್ಯಾಬಿನಲ್ಲಿ ಪೂಜಾಶ್ರೀ, ಬೆಳಗಿನ ಕತೆಯನ್ನೆಲ್ಲ ಕೇಳಿ. "ಕೂಡುದಲ್ ಅಂದ್ರೆ ಜಾಸ್ತಿ. ಓಕ್ಸೀಕರಣ ಅಂದ್ರೆ ತುಕ್ಕು ಹಿಡಿಯುವುದು. ಕಬ್ಬಿಣಕ್ಕೆ ಹಿಡಿದ ಹಾಗೆ, ಸಕ್ಕರೆಯಿಂದ ಕಿಡ್ನಿ ಒಳಗೊಳಗೇ ಹಾಳಾಗ್ತದೆ. ಬೆಳಿಗ್ಗೆ ಹೇಳಿದ್ದು ಅದನ್ನೇ. ಆದ್ರೆ ಮಧ್ಯಾಹ್ನ ನಮ್ಮ ಹುಡುಗಿಯ ಹತ್ರ ನೀವು ಕೊಟ್ಟ ಮೂತ್ರದ ಬಾಟಲಿಯಲ್ಲಿ..."

"ಯಾವ ಬಾಟಲಿ? ನಾನು ಕೊಡಲೇ ಇಲ್ಲವಲ್ಲ!"

ಇಬ್ಬರೂ ಚೆನ್ನಪ್ಪನ ಕಡೆ ತಿರುಗಿದರು.

"ಬಾಟಲಿ ಹಿಡಿದು ಬಾಗಿಲು ತಟ್ಟಿದ್ರೆ ನೀವು ಹೆದರ್ತೀರಿ ಅಂತ..." ಅವನು ತೊದಲಿದ. "ನನಗೆ ಎಂತ ರೋಗವೂ ಇಲ್ಲವಲ್ಲ, ರಿಪೋರ್ಟು ಒಳ್ಳೆದು ಬರ್ಲಿ ಅಂತ ನನ್ನದೇ ಕೊಟ್ಟೆ."

ಅಬ್ಬ, ಅದು ತನ್ನದಲ್ಲ! ಮಾಸ್ತರರಿಗೆ ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆ ಚೆನ್ನಪ್ಪನ ಬಿಳಿಚಿದ ಮುಖ ಕಂಡು, ಆ ಖುಷಿಗೆ ನಾಚಿಕೆಯಾಯಿತು.

ಪೂಜಾಶ್ರೀ ಎರಡು ಖಾಲಿ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. "ಇಬ್ಬರೂ ಕೊಡಿ. ಸಾರ್, ನಿಮ್ಮದು ಸರಿ ಉಂಟು ಅಂತ ಯಾರೂ ಹೇಳ್ಲಿಲ್ಲ."

ಚೆನ್ನಪ್ಪ ಕೂತಲ್ಲಿಂದ ಏಳಲಿಲ್ಲ. "ಮಾಷ್ಟ್ರೇ, ನೀವೂ ಬನ್ನಿ. ನನಗೆ ಹೆದರಿಕೆ ಆಗ್ತದೆ."

ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ಎರಡೂ ಬಾಟಲಿಗಳನ್ನು ಎತ್ತಿಕೊಂಡರು.