ಅಣಬೆ ಸಾರಿನ ಬೆನ್ನು ಹತ್ತಿ

ನನಗೆ ಹವ್ಯಾಸಗಳಿಗೇನೂ ಕೊರತೆಯಿಲ್ಲ. ಅವು ಮುಗಿಯುವುದಿಲ್ಲ, ಅಷ್ಟೆ. ಕ್ರೋಶಾ ಹೆಣಿಗೆ ಹಿಡಿದೆ, ಟೀಪಾಯಿಗೆಂದು ಶುರುಮಾಡಿದ ಹೊದಿಕೆ ಕರವಸ್ತ್ರದ ಅಳತೆಗೆ ಬಂದು ನಿಂತಿದೆ. ಹಕ್ಕಿ ನೋಡಲು ಬೈನಾಕ್ಯುಲರ್ ತಂದೆ. ತುಮಕೂರಿನ ಸದಾಶಿವನಗರದ ನಮ್ಮ ತಾರಸಿಯಿಂದ ಕಾಗೆ, ಪಾರಿವಾಳ ಮತ್ತು ಎದುರುಮನೆಯವರ ಅಡುಗೆಮನೆ ಬಹಳ ಸ್ಪಷ್ಟವಾಗಿ ಕಾಣುತ್ತವೆ. ವೀಣೆ ಕಲಿಯಲು ಹೋದೆ; ಮೇಷ್ಟ್ರು ಬೇರೆ ಬಡಾವಣೆಗೆ ಮನೆ ಬದಲಾಯಿಸಿದರು. ಎಲ್ಲಿಗೆ ಎಂದು ಇವತ್ತಿಗೂ ಹೇಳಿಲ್ಲ.

ಇಷ್ಟೆಲ್ಲ ಅನುಭವ ಇರುವ ಹೆಂಗಸು ಅದನ್ನು ನಾಡಿನ ಜನಕ್ಕೆ ಹಂಚದೆ ಇದ್ದರೆ ಅನ್ಯಾಯವಲ್ಲವೆ? ಹಾಗಾಗಿ ಒಂದು ಬ್ಲಾಗು ತೆರೆದೆ. 'ಹವ್ಯಾಸಗಳ ಹಂದರ' ಎಂದು ನಾಮಕರಣ ಮಾಡಿದೆ. ಕ್ರೋಶಾ ಬಗ್ಗೆ ಬರೆದೆ, ಕಾಗೆ ಬಗ್ಗೆ ಬರೆದೆ, ಸಂಗೀತ ಮತ್ತು ಸಹನೆ ಎಂಬ ವಿಷಯದ ಮೇಲೂ ಬರೆದೆ. ಕೊನೆಗೆ ಅಣಬೆ ಬಗ್ಗೆ ಬರೆದೆ. ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು.

ಆಗಿದ್ದಿಷ್ಟು. ನನ್ನ ತಂಗಿ ಗೀತಾಳನ್ನು ಕೊಟ್ಟಿರುವುದು ಗುಬ್ಬಿ ಹತ್ತಿರದ ಒಂದು ಹಳ್ಳಿಗೆ. ಮಳೆ ಬಿದ್ದ ಮಾರನೆಯ ದಿನ ಅವಳ ಮನೆಗೆ ಹೋಗಿದ್ದೆ. ತೆಂಗಿನ ತೋಟದ ಹುತ್ತದ ಬಳಿ ಒಳ್ಳೆಯ ಅಣಬೆ ಎದ್ದಿತ್ತು. ತಿಪ್ಪೆಯ ಪಕ್ಕದಲ್ಲಿ ಇನ್ನೊಂದು ಜಾತಿಯದು ಎದ್ದಿತ್ತು. "ಹುತ್ತದ್ದು ಸಾರಿಗೆ ಕಣಕ್ಕಾ. ತಿಪ್ಪೇದು ವಿಷ, ಮುಟ್ಬೇಡ" ಎಂದಳು ಗೀತಾ. ನಾನು ಎರಡರ ಫೋಟೋ ತೆಗೆದುಕೊಂಡೆ. ಮಧ್ಯಾಹ್ನ ಸಾರು ಉಂಡೆ. ಸಂಜೆ ಮನೆಗೆ ಬಂದು ಬರೆಯಲು ಕೂತೆ.

ಎಂಥ ಬರಹ ಅದು! ಮಳೆಯಿಂದ ಶುರುವಾಗಿ, ಬಾಲ್ಯಕ್ಕೆ ಹೋಗಿ, ಪ್ರಕೃತಿಯ ವಿಸ್ಮಯವನ್ನು ಸುತ್ತು ಹಾಕಿ, ಬಹಳ ಹೊತ್ತಿನ ಮೇಲೆ ಅಣಬೆಗೆ ಬರುತ್ತಿತ್ತು. ನಡುವೆ ಎರಡು ಫೋಟೋ. ಒಂದರ ಕೆಳಗೆ 'ಇದನ್ನು ಧೈರ್ಯವಾಗಿ ತಿನ್ನಿ'. ಇನ್ನೊಂದರ ಕೆಳಗೆ 'ಇದನ್ನು ಕನಸಿನಲ್ಲೂ ಮುಟ್ಟಬೇಡಿ'. ಎಲ್ಲಕ್ಕಿಂತ ಕೊನೆಯಲ್ಲಿ, ಜಾಗ ಉಳಿದಿದೆಯಲ್ಲ ಎಂದು, ಗೀತಾ ಹೇಳಿದ ಸಾರಿನ ಅಳತೆ.

ಭಾನುವಾರ ಬೆಳಿಗ್ಗೆ ಬ್ಲಾಗು ತೆರೆದು ನೋಡುತ್ತೇನೆ, ಒಂದು ಕಾಮೆಂಟು! ನೆಂಟರದಲ್ಲ, ಎದುರುಮನೆಯವರದಲ್ಲ, ಯಾರೋ ಅಪರಿಚಿತ ಓದುಗರದು!

'ಮೇಡಂ ಸೂಪರ್. ಇವತ್ತು ಮಧ್ಯಾಹ್ನ ನಮ್ಮನೇಲಿ ನೀವು ಹೇಳಿದ ಅಣಬೆ ಸಾರೇ. ಮಗಳನ್ನ ಕೊಟ್ಟಿರೋ ಮನೆಯೋರು ಮೊದಲನೇ ಸಲ ಊಟಕ್ಕೆ ಬರ್ತಾವ್ರೆ. ಮಂಜುಳಾ, ಹುಲಿಯೂರುದುರ್ಗ.'

ನನ್ನ ಕಣ್ಣು ಒದ್ದೆಯಾಯಿತು. ತಕ್ಷಣ ಉತ್ತರ ಬರೆದೆ: 'ಧನ್ಯವಾದಗಳು ತಾಯಿ. ಬೀಗರಿಗೆ ನಿಸ್ಸಂಕೋಚವಾಗಿ ಬಡಿಸಿ. ಅವರು ಜೀವಮಾನದಲ್ಲಿ ಮರೆಯುವುದಿಲ್ಲ!'

ಆ ಪುಟದ ಫೋಟೋ ತೆಗೆದು ನೆಂಟರ ಗ್ರೂಪಿಗೂ ಕಳಿಸಿದೆ. ಮೊದಲು ಫೋನು ಮಾಡಿದವಳು ಗೀತಾ. ಅಭಿನಂದನೆಗೆ ಎಂದುಕೊಂಡು ಗಂಟಲು ಸರಿಮಾಡಿಕೊಂಡು ಎತ್ತಿದೆ.

"ಅಕ್ಕಾ, ಫೋಟೋ ಉಲ್ಟಾ ಹಾಕಿದೀಯಲ್ಲೇ!"

"ಯಾವ ಫೋಟೋ?"

"ತಿಪ್ಪೇದನ್ನ ಹಾಕಿ ಧೈರ್ಯವಾಗಿ ತಿನ್ನಿ ಅಂತ ಬರ್ದಿದೀಯ ಕಣೇ!"

ನೋಡಿದೆ. ಹೌದು. ತಿಪ್ಪೆಯ ಮೂಲೆ ಕೂಡ ಫೋಟೋದಲ್ಲಿ ಸ್ಪಷ್ಟವಾಗಿ ಬಂದಿತ್ತು. ಹುಲಿಯೂರುದುರ್ಗದಲ್ಲಿ ಒಂದು ತುಂಬು ಸಂಸಾರ, ಜೊತೆಗೆ ಬೀಗರು, ನನ್ನ ಮಾತು ನಂಬಿ ಧೈರ್ಯವಾಗಿ ತಿನ್ನಲು ಹೊರಟಿದ್ದಾರೆ! ನಿಸ್ಸಂಕೋಚವಾಗಿ ಬಡಿಸಿ ಎಂದು ಬೇರೆ ಬರೆದಿದ್ದೇನೆ!

ಮೊದಲು ಅದನ್ನು ತಿದ್ದಬೇಕು ಎಂದು 'ತಿದ್ದು' ಒತ್ತಲು ಹೋದೆ. ಅವಸರದ ಬೆರಳು 'ಅಳಿಸು' ಮೇಲೆ ಬಿತ್ತು. 'ಖಚಿತವೇ?' ಎಂದು ಕೇಳಿತು. ನಾನು ಗಾಬರಿಯಲ್ಲಿ ಏನನ್ನು ಕೇಳಿದರೂ ಹೌದು ಎನ್ನುವ ಸ್ಥಿತಿಯಲ್ಲಿದ್ದೆ. ಬರಹ ಹೋಯಿತು. ಫೋಟೋ ಹೋಯಿತು. ಮಂಜುಳಾ ಅವರ ಕಾಮೆಂಟೂ ಹೋಯಿತು. ಇನ್ನು ಅವರಿಗೆ ತಿನ್ನಬೇಡಿ ಎಂದು ಬರೆಯುವುದಕ್ಕೂ ಜಾಗವಿಲ್ಲ!

ನಮ್ಮವರು, ಅಂದರೆ ನನ್ನ ಗಂಡ ಸಿದ್ದೇಶ್, ಪೇಪರಿನಿಂದ ತಲೆ ಎತ್ತಿ ಎಲ್ಲ ಕೇಳಿಸಿಕೊಂಡರು.

"ಸಾಕ್ಷಿ ನಾಶ ಅಂತಾರೆ ಇದನ್ನ" ಎಂದರು.

"ರೀ, ಸ್ಕೂಟರ್ ತೆಗೀರಿ!"

"ಎಲ್ಲಿಗೆ?"

"ಹುಲಿಯೂರುದುರ್ಗಕ್ಕೆ! ಊಟದೊಳಗೆ ಹೋಗ್ಬೇಕು!"

"ಅವರ ಊಟದೊಳಗಾ, ನಮ್ಮ ಊಟದೊಳಗಾ?"

ಈ ಮನುಷ್ಯನ ಜೊತೆ ನಾನು ಸಂಸಾರ ಮಾಡಿದ್ದೇನೆ ಎಂಬುದನ್ನು ಎಲ್ಲರೂ ಗಮನಿಸಬೇಕು.

ನಮ್ಮವರು ಸ್ಕೂಟರ್ ಓಡಿಸುವುದನ್ನು ನೋಡಿದವರು ತಳ್ಳಿಕೊಂಡು ಹೋಗುತ್ತಿದ್ದಾರೆ ಎಂದು ತಿಳಿಯುತ್ತಾರೆ. ಹೆಬ್ಬೂರು ದಾಟುವಷ್ಟರಲ್ಲಿ ಎರಡು ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿದವು. ಒಂದರಲ್ಲಿ ಹುಲ್ಲು ತುಂಬಿತ್ತು. ಪ್ರತಿ ರಸ್ತೆಯುಬ್ಬಿಗೂ ನಿಲ್ಲಿಸಿ, ನಮಸ್ಕಾರ ಮಾಡಿದ ಹಾಗೆ ಹತ್ತಿಸಿ, ನಿಧಾನಕ್ಕೆ ಇಳಿಸುತ್ತಿದ್ದರು.

"ರೀ, ಸ್ವಲ್ಪ ಜೋರಾಗಿ ಹೋಗ್ರೀ! ಜನ ಸಾಯ್ತಾರೆ!"

"ಜೋರಾಗಿ ಹೋದ್ರೆ ನಾವೂ ಸಾಯ್ತೀವಿ. ಲೆಕ್ಕ ಜಾಸ್ತಿ ಆಗುತ್ತೆ ಅಷ್ಟೆ."

ಅತ್ತ ಗೀತಾ ಗುಬ್ಬಿಯಿಂದ ಬಿಡದೆ ಫೋನು ಮಾಡುತ್ತಿದ್ದಳು. "ಅಕ್ಕಾ, ತಲುಪಿದ್ಯಾ? ಪೊಲೀಸ್ನೋರು ಬಂದ್ರೆ ನನ್ನ ಹೆಸರು ಹೇಳ್ಬೇಡ ಕಣೇ, ನಮ್ಮತ್ತೆ ಬೈತಾರೆ." ಕುಣಿಗಲ್ ಸೇರುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಜೈಲಿಗೆ ಹೋಗಿ ಬಂದಿದ್ದೆ. ಅಲ್ಲಿ ನಮ್ಮವರು ಗಾಳಿ ಹಿಡಿಸಲು ನಿಲ್ಲಿಸಿದರು. ಎರಡೂ ಚಕ್ರಕ್ಕೆ ಹಿಡಿಸಿದರು. ಸ್ಟೆಪ್ನಿಗೂ ಹಿಡಿಸಿದರು!

ಕುಣಿಗಲ್ ಬಿಟ್ಟು ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಕೂಗಿಕೊಂಡು ಆಂಬುಲೆನ್ಸ್ ಬಂತು. ನಮ್ಮ ಪಕ್ಕದಲ್ಲೇ ಹಾದು ಹುಲಿಯೂರುದುರ್ಗದ ಕಡೆಗೆ ಹೋಯಿತು.

ಬಡಿಸಿಬಿಟ್ಟಿದ್ದಾರೆ. ಬೀಗರು ಬೇಗ ಬಂದುಬಿಟ್ಟಿದ್ದಾರೆ. ಹೊಸದಾಗಿ ಮದುವೆಯಾದ ಹುಡುಗಿ, ಅವಳ ಗಂಡ, ಅತ್ತೆ, ಮಾವ... ನನಗೆ ಮುಖವೂ ಗೊತ್ತಿಲ್ಲದ ಅಷ್ಟೂ ಜನ ಕಣ್ಣ ಮುಂದೆ ಸಾಲಾಗಿ ಮಲಗಿದ ಹಾಗೆ ಕಂಡಿತು. ನಮ್ಮವರ ಬೆನ್ನಿಗೆ ತಲೆ ಒರಗಿಸಿ ಅಳಲು ಶುರುಮಾಡಿದೆ. ತಮಾಷೆಗಲ್ಲ, ನಿಜವಾಗಿ ಅತ್ತೆ.

ನಮ್ಮವರು ಹ್ಯಾಂಡಲ್ ಬಿಗಿಯಾಗಿ ಹಿಡಿದರು. ಬೆನ್ನು ಬಗ್ಗಿಸಿದರು. ಸ್ಕೂಟರು ಒಂದು ಸಲ ಕೆಮ್ಮಿ ಹಾರಿತು. ಅವರು ಐವತ್ತು ದಾಟಿದ್ದು ಅಲ್ಲಿಯವರೆಗೆ ವಯಸ್ಸಿನಲ್ಲಿ ಮಾತ್ರ. ಸ್ಕೂಟರಿನಲ್ಲಿ ಅಂದೇ ಮೊದಲು!

ಹುಲಿಯೂರುದುರ್ಗದ ಬೆಟ್ಟ ಕಂಡಾಗ ಊಟದ ಹೊತ್ತಾಗಿತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರ ಮುಂದೆ ಹಾರಿ ಇಳಿದೆ.

"ಅಣ್ಣಾ, ಇಲ್ಲಿ ಮಂಜುಳಾ ಅನ್ನೋರ ಮನೆ ಎಲ್ಲಿ?"

"ಯಾವ ಮಂಜುಳಾನಮ್ಮಾ? ಹೂವಿನ ಮಂಜುಳಾನಾ, ಸ್ಕೂಲ್ ಮಂಜುಳಾನಾ? ನಮ್ಮನೆಯೋಳೂ ಮಂಜುಳಾನೇಯ."

"ನಿಮ್ಮನೇಲಿ ಇವತ್ತು ಅಣಬೆ ಸಾರಾ?"

"ಅಷ್ಟು ಪುಣ್ಯ ಎಲ್ಲೈತೆ ಬುಡಿ. ಉಪ್ಪಿಟ್ಟು."

"ಮಗಳನ್ನ ಕೊಟ್ಟಿರೋ ಮನೆಯೋರು ಊಟಕ್ಕೆ ಬರ್ತಾರಂತೆ..."

"ಓ, ಮಿಲ್ ಮಂಜಕ್ಕ! ಹಿಟ್ಟಿನ ಮಿಲ್ ಹಿಂದಿನ ಮನೆ. ಬೀಗ್ರ ಕಾರು ಬಂದು ಆಗ್ಲೇ ಎಷ್ಟೊತ್ತಾಯ್ತು."

ಓಡಿದೆ. ಮನೆಯ ಮುಂದೆ ಆಂಬುಲೆನ್ಸ್ ಇರಲಿಲ್ಲ. ಆದರೆ ಬಾಗಿಲ ಬಳಿ ರಾಶಿ ಚಪ್ಪಲಿ, ಒಳಗಿನಿಂದ ಒಂದು ಸದ್ದೂ ಇಲ್ಲ. ಅಷ್ಟು ಜನ ಇರುವ ಮನೆಯಲ್ಲಿ ಸದ್ದಿಲ್ಲ ಎಂದರೆ ಏನರ್ಥ? ಎದೆ ಹಿಡಿದುಕೊಂಡು ಬಾಗಿಲು ತಳ್ಳಿದೆ.

ಹಜಾರದ ತುಂಬ ಜನ ಎಲೆ ಮುಂದೆ ಕೂತಿದ್ದರು. ಮೊದಲ ಭೇಟಿಯ ಬಿಗುಮಾನಕ್ಕೆ ಯಾರೂ ಮಾತಾಡುತ್ತಿರಲಿಲ್ಲ. ಎಲೆಯ ಮೇಲೆ ಬಿಸಿ ಮುದ್ದೆ. ಒಬ್ಬ ಹೆಂಗಸು ಸಾರು ಬಡಿಸುತ್ತ ಬರುತ್ತಿದ್ದರು. ಮೊದಲ ಎಲೆಯಲ್ಲಿ ಬಿಳಿ ಮೀಸೆಯ ಯಜಮಾನರು, ಬೀಗರೇ ಇರಬೇಕು, ಮುದ್ದೆಯ ತುತ್ತು ಮುರಿದು ಸಾರಿಗೆ ಅದ್ದಿ ಬಾಯಿ ತೆರೆದಿದ್ದರು.

"ತಿನ್ಬೇಡೀ! ವಿಷಾ!" ಎಂದು ಕಿರುಚಿದೆ.

ತುತ್ತು ಜಾರಿ ಪಂಚೆಯ ಮೇಲೆ ಬಿತ್ತು. ಯಜಮಾನರ ಪಕ್ಕದಲ್ಲಿದ್ದ ಬೀಗಿತ್ತಿ ನಿಧಾನವಾಗಿ ಎದ್ದು ನಿಂತು, ಸಾರಿನ ಪಾತ್ರೆ ಹಿಡಿದಿದ್ದ ಹೆಂಗಸಿನ ಕಡೆ ತಿರುಗಿದರು.

"ಏನು ಬೀಗಿತ್ತಿ ಇದು? ಕರೆದು ಕೂರ್ಸಿ ವಿಷ ಇಕ್ತೀರಾ?"

ಗೋಡೆ ಪಕ್ಕ ನಿಂತಿದ್ದ ಹೊಸ ಮದುವಣಗಿತ್ತಿ "ಅವ್ವಾ!" ಎಂದು ಅಳಲು ಶುರುಮಾಡಿದಳು. ಪಾತ್ರೆ ಹಿಡಿದಿದ್ದ ಹೆಂಗಸು, ಅಂದರೆ ಮಂಜುಳಾ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರವ್ವ ನೀನು? ನನ್ ಮಗಳ ಬಾಳು ಹಾಳ್ಮಾಡಕ್ಕೆ ಯಾರು ಕಳ್ಸಿದ್ರು?"

"ನಾನು... ನಾನು ಹವ್ಯಾಸಗಳ ಹಂದರ!"

ಬೇರೆ ಪರಿಚಯ ಆ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ. ಆಮೇಲೆ ಹೆಸರು, ಊರು, ಹುತ್ತ, ತಿಪ್ಪೆ, ಫೋಟೋ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಕೈ ಮುಗಿದು ನಿಂತೆ. ಮಂಜುಳಾ ಅವರ ಮುಖ ಸಡಿಲವಾಯಿತು.

"ಅಯ್ಯೋ ನೀವಾ ಮೇಡಂ! ಯಾವ ಫೋಟೋ? ನಾನು ನೋಡೇ ಇಲ್ವಲ್ಲ."

"ನಡುವೆ ಇತ್ತಲ್ಲಮ್ಮಾ, ಎರಡು..."

"ನಡುವೆ ಯಾರು ನೋಡ್ತಾರೆ ಮೇಡಂ? ಮಳೆ ಅಂತೀರಾ, ಚಿಕ್ಕೋರಾಗಿದ್ದಾಗ ಅಂತೀರಾ, ಮುಗಿಯೋ ಹಂಗೇ ಕಾಣ್ಲಿಲ್ಲ. ಬೆರಳಲ್ಲಿ ತಳ್ಳಿ ತಳ್ಳಿ ಕೊನೇಲಿದ್ದ ಅಳತೆ ಮಾತ್ರ ನೋಡ್ಕಂಡೆ. ಅಣಬೆ ನಮ್ಮೆಜಮಾನ್ರು ಕುಣಿಗಲ್ ಅಂಗಡಿಯಿಂದ ತಂದಿದ್ದು, ಡಬ್ಬೀದು." ಒಳಗೆ ಹೋಗಿ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ಎಲ್ಲರಿಗೂ ತೋರಿಸಿದರು.

ನನ್ನ ಜೀವನದಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ. ಅಷ್ಟು ಅವಮಾನವೂ ಆಗಿರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ಮುಖ ಹೇಗಿಟ್ಟುಕೊಳ್ಳಬೇಕು ಎಂದು ಯಾರೂ ಕಲಿಸಿಲ್ಲ.

ಕತೆ ಮುಗಿಯಿತು ಎಂದು ಹಿಂದೆ ತಿರುಗಿದೆ. ಆದರೆ ಎಲೆ ಮುಂದಿನ ಜನ ಹಾಗೇ ಕೂತಿದ್ದರು. ಯಾರೂ ಸಾರು ಮುಟ್ಟಲಿಲ್ಲ. ವಿಷ ಎಂಬ ಮಾತು ಒಂದು ಸಲ ಬಿದ್ದ ಮೇಲೆ ಡಬ್ಬಿ ನೋಡಿ ಯಾರು ನಂಬುತ್ತಾರೆ? ಬೀಗಿತ್ತಿ ಎಲೆ ಪಕ್ಕಕ್ಕೆ ಸರಿಸಿದರು. ಮಂಜುಳಾ ಅವರ ಕಣ್ಣಲ್ಲಿ ನೀರು ತುಂಬಿತು.

ಬಿಳಿ ಮೀಸೆಯವರು ಯೋಚನೆ ಮಾಡಿ ತೀರ್ಪು ಕೊಟ್ಟರು.

"ಆಯಮ್ಮನೇ ಮೊದ್ಲು ಉಣ್ಣಲಿ. ಆಮ್ಯಾಕೆ ನಾವು ಉಣ್ತೀವಿ."

ಅಷ್ಟರಲ್ಲಿ ಸ್ಕೂಟರ್ ನೆರಳಿಗೆ ನಿಲ್ಲಿಸಿ, ಲಾಕ್ ಮಾಡಿ, ಎರಡು ಸಲ ಎಳೆದು ನೋಡಿ ನಮ್ಮವರು ಒಳಗೆ ಬಂದರು. ಅವರಿಗೂ ಎಲೆ ಹಾಕಿದರು. ಮನೆ ತುಂಬ ಜನ ಸುತ್ತ ಕೂತು ನಮ್ಮ ಬಾಯನ್ನೇ ನೋಡುತ್ತಿದ್ದರು. ನಾನು ತುತ್ತು ನುಂಗಿದೆ. ಎಲ್ಲರೂ ನನ್ನ ಜೊತೆ ಉಗುಳು ನುಂಗಿದರು. ಅಂಗಡಿಯ ಡಬ್ಬಿಯದು ಎಂದು ಗೊತ್ತಿದ್ದರೂ ಮನಸ್ಸಿನಲ್ಲೇ ದೇವರಿಗೆ ಒಂದು ಕೈ ಮುಗಿದೆ. ಎರಡನೇ ತುತ್ತಿಗೆ ಖಾರ ನೆತ್ತಿಗೇರಿ ಕೆಮ್ಮಿದೆ.

"ಹೋಯ್ತು!" ಎಂದು ಹಿಂದಿನಿಂದ ಯಾರೋ ಚೀರಿದರು. ಮದುವಣಗಿತ್ತಿ ಮತ್ತೆ ಅಳಲು ತಯಾರಾದಳು.

"ಖಾರ, ಖಾರ!" ಎಂದು ಕೈ ಆಡಿಸಿದೆ. ಯಾರೂ ನೀರು ಕೊಡಲಿಲ್ಲ. ಮುಂದೇನಾಗುತ್ತದೆ ಎಂದು ನೋಡುತ್ತಿದ್ದರು.

ಪಕ್ಕದಲ್ಲಿ ನಮ್ಮವರು ಲೋಕದ ಯಾವ ಚಿಂತೆಯೂ ಇಲ್ಲದೆ ಮುದ್ದೆ ಮುಗಿಸಿ ಎಲೆಯತ್ತ ಬೆರಳು ತೋರಿಸಿದರು.

"ಇನ್ನೊಂದು ಮುದ್ದೆ ಹಾಕಮ್ಮಾ. ಸಾರಿಗೆ ಉಪ್ಪು ಒಂಚೂರು ಮುಂದಾಗಿದೆ."

"ಬ್ಲಾಗಲ್ಲಿ ಇದ್ದಷ್ಟೇ ಹಾಕಿದ್ದು ಸಾರ್" ಎಂದರು ಮಂಜುಳಾ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎಲೆ ನೋಡಿದೆ.

ಎರಡನೇ ಮುದ್ದೆಯೂ ಇಳಿದು ನಮ್ಮವರು ಸುಖವಾಗಿ ತೇಗಿದಾಗ ಬಿಳಿ ಮೀಸೆಯವರು ನಕ್ಕುಬಿಟ್ಟರು. ಆ ನಗೆಯ ಹಿಂದೆಯೇ ಬೀಗಿತ್ತಿಯೂ ನಕ್ಕರು. ಸರಿಸಿದ ಎಲೆ ಮುಂದಕ್ಕೆ ಬಂತು. ಆಮೇಲೆ ಆ ಮನೆಯಲ್ಲಿ ಬಿಗುಮಾನ ಎಂಬುದು ಉಳಿಯಲಿಲ್ಲ. ನನ್ನನ್ನು ತೋರಿಸಿ ತೋರಿಸಿ ಎರಡೂ ಕಡೆಯವರು ನಕ್ಕರು. ಬೀಗರನ್ನು ಹತ್ತಿರ ಮಾಡಿದ ಪುಣ್ಯ ನನಗೆ ಬಂತು ಎಂದು ಸಮಾಧಾನ ಮಾಡಿಕೊಂಡೆ.

ಹೊರಡುವಾಗ ಮಂಜುಳಾ ಕುಂಕುಮ ಕೊಟ್ಟರು. ಬಿಳಿ ಮೀಸೆಯವರು ಗೇಟಿನವರೆಗೆ ಬಂದು, ದನಿ ತಗ್ಗಿಸಿದರು.

"ಅವ್ವಾ, ನೀವು ಬರೆಯೋರಂತೆ. ಒಂದು ಉಪಕಾರ ಮಾಡಿ. ಈ ವಿಷ್ಯ ಮಾತ್ರ ಬರೀಬೇಡಿ. ಊರೆಲ್ಲ ಓದಿದ್ರೆ ನಮ್ಗೆ ಮರ್ಯಾದೆ ಪ್ರಶ್ನೆ."

ನಾನು ಗಂಭೀರವಾಗಿ ಭರವಸೆ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದರು:

"ಹೆದರ್ಬೇಡಿ ಯಜಮಾನ್ರೇ. ಇವಳು ಬರೆದ್ರೂ ಯಾರೂ ಓದಲ್ಲ."

ಯಜಮಾನರ ಮುಖದಲ್ಲಿ ಎಷ್ಟು ನೆಮ್ಮದಿ ಮೂಡಿತೆಂದರೆ, ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅದೇ ಧೈರ್ಯದ ಮೇಲೆ ಇಷ್ಟನ್ನೂ ಬರೆದಿದ್ದೇನೆ.