ವಿರೂಪಾಕ್ಷ ಬರುತ್ತಾನೆಂದು ಉಡಿಸಿದ ಸೀರೆ

ಶ್ರೀಮಂತ ಗೆಳೆಯರಿರುವುದು ತಪ್ಪಲ್ಲ. ಅವರ ಮನೆಗೆ ಹೆಂಡತಿಯನ್ನು ಕರೆದುಕೊಂಡು ಹೋಗುವುದೂ ತಪ್ಪಲ್ಲ. ವಾಪಸು ಬರುವಾಗ ಬಾಯಿ ಬಿಡುವುದು ಮಾತ್ರ ದೊಡ್ಡ ತಪ್ಪು. ನನ್ನ ಸಂಸಾರದ ಮುಕ್ಕಾಲು ಪಾಲು ಜಗಳಗಳು ಬಳ್ಳಾರಿಯಿಂದ ಕುರುಗೋಡಿಗೆ ಬರುವ ಬಸ್ಸಿನಲ್ಲೇ ಹುಟ್ಟಿವೆ. ಬಳ್ಳಾರಿಯಲ್ಲಿ ನನ್ನ ಹೈಸ್ಕೂಲು ಗೆಳೆಯ ವಿರೂಪಾಕ್ಷನ ದೊಡ್ಡ ಮನೆಯಿದೆ, ಸಿರುಗುಪ್ಪದ ಹತ್ತಿರ ಅವನದೊಂದು ಅಕ್ಕಿ ಗಿರಣಿಯಿದೆ. ಗಣಿತದ ಪರೀಕ್ಷೆಯಲ್ಲಿ ನನ್ನ ಉತ್ತರ ನೋಡಿ ಬರೆಯುತ್ತಿದ್ದವನು ಅವನು. ನಾನೀಗ ಕುರುಗೋಡಿನಲ್ಲಿ ಗಣಿತದ ಮೇಷ್ಟ್ರು. ನೋಡಿ ಬರೆದವನು ಮುಂದೆ ಹೋಗಿ ತೋರಿಸಿದವನು ಹಿಂದೆ ಉಳಿದದ್ದು ಹೇಗೆಂಬುದು ಮಾತ್ರ ನನಗೆ ಇನ್ನೂ ಬಿಡಿಸಲಾಗದ ಲೆಕ್ಕ.

ಅವನ ಮನೆಯ ಸೋಫಾದಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅದನ್ನು ನೋಡಿ ಬಂದವನೇ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಳೇ ಸೋಫಾ ಒಂದನ್ನು ಹಿಡಿದು, ಹೊಸ ಬಟ್ಟೆ ಹೊದಿಸಿ ತಂದೆ. ಒಳಗಿನ ಸ್ಪ್ರಿಂಗು ಹಳೆಯದೇ. ಕೂತವರನ್ನು ಅದು ಹೆಚ್ಚು ಹೊತ್ತು ಕೂರಗೊಡುವುದಿಲ್ಲ. ನನ್ನ ಹೆಂಡತಿ ಗಿರಿಜಾ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂರುತ್ತಾಳೆ. "ಅವರ ಮನಿಗೆ ನಗಾಡಕೋತ ಹೋಗತೀರಿ, ನಮ್ಮ ಮನಿಗೆ ಸಿಟ್ಟು ಹೊತಗೊಂಡು ಬರತೀರಿ," ಎಂಬುದು ಅವಳ ದೂರು. ನಿನಗೆ ಮೇಲೆ ಬರುವ ಆಸೆಯೇ ಇಲ್ಲ ಎಂಬುದು ನನ್ನ ವಾದ.

ಈಚೆಗೆ ಕುರುಗೋಡಿನಲ್ಲಿ ನಮ್ಮದೂ ಒಂದು ಪುಟ್ಟ ಮನೆಯಾಯಿತು. ಗೃಹಪ್ರವೇಶದ ದಿನ ಹೆಂಡತಿಯ ತವರಿನವರು ಇಬ್ಬರಿಗೂ ಬಟ್ಟೆ ತರುತ್ತಾರೆ. ಅದಕ್ಕೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ; ಅದನ್ನುಟ್ಟೇ ಗಂಡ ಹೆಂಡತಿ ಪೂಜೆಗೆ ಕೂರಬೇಕು. ಗಿರಿಜಾಳ ತವರೆಂದರೆ ಈಗ ತಮ್ಮ ಬಸವರಾಜ ಒಬ್ಬನೇ. ಕರೂರಿನಲ್ಲಿ ಬೇರೆಯವರ ಗದ್ದೆಯಲ್ಲಿ ದುಡಿಯುವವನು. ಬೆಳಗಿನ ಬಸ್ಸಿಗೇ ಬಂದು, ಅಕ್ಕನಿಗೊಂದು ಹಸಿರು ನೂಲಿನ ಸೀರೆ, ನನಗೊಂದು ಧೋತರ ತಟ್ಟೆಯಲ್ಲಿಟ್ಟ. "ಅಕ್ಕಾ, ಹಸಿರು ನಿನಗ ಒಪ್ಪತೈತಿ ಅಂತ ನಾನಾ ಆರಿಸೀನಿ," ಎಂದ.

ನಾನು ಬಳ್ಳಾರಿಯಿಂದ ರೇಷ್ಮೆ ಸೀರೆ ತಂದು ಬೀರುವಿನಲ್ಲಿಟ್ಟಿದ್ದೆ. ಗಿರಿಜಾಳನ್ನು ಒಳಗೆ ಕರೆದೆ. "ವಿರೂಪಾಕ್ಷ ಹೆಂಡತಿ ಸಮೇತ ಬರತಾನ. ನೀನು ಆ ನೂಲಿನ ಸೀರಿ ಉಟ್ಟು ಕುಂತ್ರ ಅವರು ಏನು ತಿಳಕೊಂತಾರ?"

"ನನ್ನ ತಮ್ಮ ಏನು ತಿಳಕೊಂತಾನ್ರಿ?"

"ಅವ ನಮ್ಮವ. ಅವ ಏನೂ ತಿಳಕೊಳ್ಳಂಗಿಲ್ಲ."

ಹೊರಗೆ ತುಂಬಾ ಜನ ನೆರೆದಿದ್ದರು, ಜಗಳಕ್ಕೆ ಜಾಗವಿರಲಿಲ್ಲ. ಅವಳು ರೇಷ್ಮೆ ಉಟ್ಟಳು, ನಾನೂ ಜರಿ ಪಂಚೆ ಉಟ್ಟೆ. ನಾವು ಬಂದು ಕೂತಾಗ ಬಸವರಾಜ ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ತಟ್ಟೆಯಲ್ಲಿ ಮಡಿಕೆ ಬಿಚ್ಚದೆ ಉಳಿದಿದ್ದ ತನ್ನ ಸೀರೆಯನ್ನು ನೋಡಿದ. ಆಮೇಲೆ ಎದ್ದು ಪಂಕ್ತಿಗೆ ನೀರು ಬಡಿಸಲು ಹೋದ. ಎಲ್ಲರ ಊಟವಾದ ಮೇಲೆ ತಾನೂ ಉಂಡು, ಸಂಜೆಯ ಬಸ್ಸಿಗೆ ಹೊರಟುಹೋದ. ವಿರೂಪಾಕ್ಷ ಬರಲೇ ಇಲ್ಲ. ಒಂದು ಗೋಡೆ ಗಡಿಯಾರ ಕೊಟ್ಟು ಡ್ರೈವರನ್ನು ಕಳಿಸಿದ್ದ. ರೇಷ್ಮೆಯ ವೈಭವ ಕಂಡವನು ಆ ಡ್ರೈವರ್ ಒಬ್ಬನೇ, ಅವನೂ ಊಟದ ಅವಸರದಲ್ಲಿದ್ದ.

ಗಿರಿಜಾ ಜಗಳವಾಡಿದ್ದರೆ ಚೆನ್ನಾಗಿತ್ತು; ಜಗಳದಲ್ಲಿ ನನಗೆ ಒಳ್ಳೆಯ ಅನುಭವವಿದೆ. ಅವಳು ಜಗಳಕ್ಕೇ ಬರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ, ಹೊತ್ತಿಗೆ ಸರಿಯಾಗಿ ಊಟ. ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದ ಬಸವರಾಜ ಈಗ ಮಾಡುವುದಿಲ್ಲ. ಇವಳೇ ಮಾಡಿದರೆ, "ನಾಟಿ ನಡದೈತಿ ಅಕ್ಕಾ, ಆಮ್ಯಾಲೆ ಮಾತಾಡತೀನಿ," ಎನ್ನುತ್ತಾನೆ. ನಾಟಿ ಮುಗಿದು ಪೈರು ಮೊಣಕಾಲಿಗೆ ಬಂದರೂ ಅವನ ನಾಟಿ ನಡೆದೇ ಇತ್ತು. ಫೋನ್ ಕೆಳಗಿಟ್ಟ ಮೇಲೂ ಅವಳು ಅದನ್ನೇ ನೋಡುತ್ತ ಕೂರುತ್ತಿದ್ದಳು. ಕೊನೆಗೆ, "ನಡಿ, ಕರೂರಿಗೆ ಹೋಗೂಣು. ತಪ್ಪಾತು ಅಂತ ನಾನಾ ಅವನ ಮುಂದ ಹೇಳತೀನಿ," ಎಂದೆ. ಎಷ್ಟೋ ದಿನಗಳ ಮೇಲೆ ಅವಳು ನನ್ನ ಮುಖ ನೋಡಿದಳು. ಹಸಿರು ಸೀರೆ ಉಟ್ಟುಕೊಂಡು, ಧೋತರವನ್ನು ನನ್ನ ಕೈಗೆ ಕೊಟ್ಟಳು. ಪ್ಯಾಂಟಿನಲ್ಲೇ ಬೆಳೆದ ನಾನು ಅದರ ಮೇಲೆ ಬೆಲ್ಟು ಬಿಗಿದು ಹೊರಟೆ.

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕರೂರಿನ ಬಸ್ಸಿಗೆ ಕಾಯುತ್ತಿದ್ದೆವು. ಎದುರಿಗೆ ವಿರೂಪಾಕ್ಷನ ಕಾರಿನಂಥದೇ ಬಿಳಿ ಕಾರು ಬಂದು ನಿಂತಿತು. ನನ್ನ ಮೈಮೇಲೆ ಮುದುರಿದ ಧೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ನೂಲಿನ ಸೀರೆಯ ಹೆಂಡತಿ. ಯೋಚಿಸಿದೆನೆಂದು ಹೇಳಲಾರೆ. ನನ್ನ ಬುದ್ಧಿಗಿಂತ ಮೊದಲು ಕಾಲು ಓಡಿತು. ಕಬ್ಬಿನ ಹಾಲಿನ ಗಾಡಿಯ ಹಿಂದೆ ಹೋಗಿ ಕೂತೆ. ಅಲ್ಲಿಂದ ಇಣುಕಿದರೆ ಗಿರಿಜಾ ಬಿಸಿಲಿನಲ್ಲಿ ಒಬ್ಬಳೇ ನಿಂತಿದ್ದಳು, ಸೆರಗನ್ನು ಕೂಡ ಮುಖಕ್ಕೆ ಮರೆಮಾಡಿಕೊಳ್ಳದೆ. ಕಾರು ಹೋದ ಮೇಲೆ ನಿಧಾನವಾಗಿ ಗಾಡಿಯ ಹತ್ತಿರ ಬಂದಳು.

"ಹೊರಗ ಬರ್ರಿ. ಅದು ಅವರ ಕಾರಲ್ಲ."

ನಾನು ಎದ್ದು ಧೋತರ ಕೊಡವಿಕೊಂಡೆ. ಅಷ್ಟರಲ್ಲಿ ಕರೂರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ಹಿಂತಿರುಗಿ ನೋಡಿ, ಸಿಟ್ಟಿಲ್ಲದೆಯೇ ಹೇಳಿದಳು: "ನನ್ನ ತಮ್ಮನ ಮುಂದ ತಪ್ಪಾತು ಅಂತ ಮಾತ್ರ ಅನ್ನಬ್ಯಾಡ್ರಿ. ಅವ ನಂಬಿಬಿಡತಾನ."