ಕಬ್ಬಿನ ಲಾರಿ ಮತ್ತು ಪುಟ್ಟ ಗ್ಯಾಲಕ್ಸಿ

ದೊಡ್ಡವರ ಬೆನ್ನಿಗೆ ಅಂಟಿಕೊಂಡರೆ ಕ್ಷೇಮ ಎಂದು ನಂಬಿದವರಲ್ಲಿ ನಾನೂ ಒಬ್ಬ. ನಮ್ಮ ಕಡೆ ಅದು ರಸ್ತೆಯ ರೂಢಿಯೇ. ಹಾಸನೂರಿನ ಕಾಡಿನಲ್ಲಿ ಸ್ಕೂಟರಿನವರು ಒಂಟಿಯಾಗಿ ಹೋಗುವುದಿಲ್ಲ; ಬಸ್ಸೋ ಲಾರಿಯೋ ಬರುವವರೆಗೆ ಕಾದು ಅದರ ಹಿಂದೆ ಸೇರಿಕೊಳ್ಳುತ್ತಾರೆ. ಆನೆ ಬಂದರೆ ಮೊದಲು ದೊಡ್ಡದನ್ನು ವಿಚಾರಿಸಿಕೊಳ್ಳಲಿ ಎಂಬ ಲೆಕ್ಕ. ಆದರೆ ಪಣಕಹಳ್ಳಿಯಿಂದ ಹೆಂಡತಿಯನ್ನು ಕೂರಿಸಿಕೊಂಡು ಸತ್ಯಮಂಗಲಕ್ಕೆ ಹೊರಟ ನಾನು, ಭೌತಶಾಸ್ತ್ರ ಓದಿದವನು, ಹೋಗಿ ಹೋಗಿ ಸೇರಿಕೊಂಡದ್ದು ಕಬ್ಬಿನ ಲಾರಿಯ ಹಿಂದೆ.

ಲಾರಿಯ ಬಿಸಿಗಾಳಿಗೆ ನನ್ನ ಟೋಪಿ ಹಾರಿತು. ಹೆಂಡತಿಯ ಮುಡಿಯ ಮಲ್ಲಿಗೆ ಒಂದೊಂದಾಗಿ ಉದುರಿತು. ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. ದೊಡ್ಡ ಗ್ಯಾಲಕ್ಸಿಯನ್ನು ಸುತ್ತುವ ಪುಟ್ಟ ಗ್ಯಾಲಕ್ಸಿಗಳ ಗತಿಯೂ ಇದೇ ಎಂದು ಶುರುಮಾಡಿದೆ. ದೂರದಲ್ಲಿ ತಮ್ಮ ಪಾಡಿಗಿದ್ದರೆ ಅವು ತಮ್ಮ ಅನಿಲವನ್ನು ಉಳಿಸಿಕೊಂಡು ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತಿರುತ್ತವೆ. ಹತ್ತಿರ ಬಂದವೋ, ದೊಡ್ಡದರ ಸುತ್ತಲಿನ ಬಿಸಿ ಅನಿಲ ಇವುಗಳ ಅನಿಲವನ್ನು ಬಳಿದು ಒಯ್ಯುತ್ತದೆ. ಅದರ ಸೆಳೆತ ಅಂಚಿನ ನಕ್ಷತ್ರಗಳನ್ನೂ ಕಿತ್ತುಕೊಳ್ಳುತ್ತದೆ. ಆಮೇಲೆ ಹುಟ್ಟು ನಿಂತು, ಹಳೆಯ ನಕ್ಷತ್ರಗಳಷ್ಟೇ ಮಿಣುಕುತ್ತಿರುತ್ತವೆ.

“ಅಷ್ಟು ಗೊತ್ತಿದ್ದೂ ಯಾಕ್ ಇದ್ಕೆ ಅಂಟ್ಕಂಡ್ ಓಯ್ತಿದ್ದೀರಿ? ಒಸಿ ಇಂದ್ಕೆ ಓಡ್ಸಿ,” ಎಂದಳು ಹೆಂಡತಿ.

“ಅಂಟ್ಕಂಡ್ರೇನೆ ಕ್ಷೇಮ ಕಣಮ್ಮಿ,” ಎನ್ನುತ್ತಿದ್ದಂತೆ ಲಾರಿ ನಿಂತಿತು. ಪೊದೆಯಿಂದ ಬಂದ ಆನೆ ಲಾರಿಯ ಹಿಂಬದಿಯಲ್ಲಿ, ಅಂದರೆ ನಮ್ಮ ಎದುರಿಗೇ, ನಿಂತು ಕಬ್ಬು ಎಳೆಯತೊಡಗಿತು. ಒಂದು ಕಂತೆ ನಮ್ಮ ಹೆಡ್‌ಲೈಟಿನ ಮೇಲೆ ಬಿತ್ತು. ಅದನ್ನು ಹುಡುಕಿಕೊಂಡು ಸೊಂಡಿಲೂ ಬಂತು. ಅದರ ಉಸಿರು ನನ್ನ ಮುಖಕ್ಕೆ ಬಡಿಯಿತು. ಬಿಸಿ, ಜಜ್ಜಿದ ಸೊಪ್ಪಿನ ವಾಸನೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಬರುತ್ತದೆ.

ಹಿಂದೆ ಒಂದು ಬಸ್ಸು ಬಂದು ನಿಂತಿತ್ತು. “ಅಣ್ಣೋ, ಗಾಡಿ ಬುಟ್ಬುಟ್ಟು ಬಸ್ ಅತ್ಕಳಿ,” ಎಂದು ಕಿಟಕಿಯಿಂದ ಯಾರೋ ಪಿಸುಗುಟ್ಟಿದರು. ಹೆಂಡತಿ ಇಳಿದು ಓಡಿದಳು. ನಾನು ಹ್ಯಾಂಡಲ್ ಹಿಡಿದು ಕಲ್ಲಾಗಿದ್ದೆ. ಬಸ್ಸಿನ ಮೆಟ್ಟಿಲ ತನಕ ಹೋದವಳು ತಿರುಗಿ ಬಂದು, “ಪಾಟ ಆಮೇಲ್ ಮಾಡೂರಿ, ಬನ್ನಿ,” ಎಂದು ನನ್ನ ಕಾಲರ್ ಹಿಡಿದು ಎಳೆದೊಯ್ದಳು. ಆನೆ ಸ್ಕೂಟರನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಕಂತೆ ಎತ್ತಿಕೊಂಡು, ಅವಸರವಿಲ್ಲದೆ ಕಾಡಿಗಿಳಿಯಿತು. ಸ್ಕೂಟರಿನ ಚಕ್ರ ಸೊಟ್ಟಗಾಗಿದ್ದರಿಂದ ನಾವು ಬಸ್ಸಿನಲ್ಲೇ ಮುಂದುವರಿದೆವು.

ಗಂಡಸಾದವನು ಧೈರ್ಯ ಹೇಳಬೇಕಲ್ಲ. ಕಣ್ಣು ಮುಚ್ಚಿಕೊಂಡು, “ಎದರ್ಕೋಬೇಡ, ನಾನಿಲ್ವಾ,” ಎಂದು ಅವಳ ಕೈಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಆ ಕೈ ಸ್ವಲ್ಪ ಹೊತ್ತು ಸುಮ್ಮನೆ ಸಹಿಸಿತು.

“ಸಾರ್, ಒಸಿ ಬುಡಿ, ಟಿಕೆಟ್ ಅರಿಬೇಕು,” ಎಂದರು ಕಂಡಕ್ಟರ್.